ಕಗ್ಗಲಕೊಪ್ಪಲಿನ ಖಾತ್ರಿ ದನಿ

ಜನ ಯಾರಿಗೆ ಓಟು ಹಾಕುತ್ತಾರೆಂದು ಅವರ ದನಿ ಕೇಳಿಯೇ ಹೇಳಿಬಿಡುವ ಪೆಟ್ಟಿಗೆಯೊಂದಿದ್ದರೆ ಮತಗಟ್ಟೆ ಯಾಕೆ ಬೇಕು? ಈ ಪ್ರಶ್ನೆ ಮೊದಲು ಯಾವ ಮಹಾನುಭಾವನ ತಲೆಗೆ ಬಂತೋ ಗೊತ್ತಿಲ್ಲ. ಕೈಗೆ ಸಿಕ್ಕರೆ ಕೆನ್ನೆಗೆ ಬಿಗಿಯಬೇಕೆಂದಿದ್ದೇನೆ. ಪೆಟ್ಟಿಗೆ ಮಾಡಿದ ತಂಡದಲ್ಲಿ ನೀನೂ ಇದ್ದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದ್ದೆ. ಅದಕ್ಕೇ ಇಷ್ಟು ಸಿಟ್ಟು.

ನನ್ನ ಹೆಸರು ಕೆಂಪದೇವಮ್ಮ. ಕೊಳ್ಳೇಗಾಲದ ಕಡೆಯ ಕಗ್ಗಲಕೊಪ್ಪಲಿನ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಮೈಸೂರಿಗೆ ಹೋಗಿ ಡಾಕ್ಟರ್ ಕೆಂಪದೇವಮ್ಮ ಆದವಳು. ನನ್ನ ಕಸುಬು ಚುನಾವಣೆ ಮತ್ತು ಜನಾಭಿಪ್ರಾಯದ ಅಧ್ಯಯನ. ವಿಶ್ವವಿದ್ಯಾಲಯದವರು ಇದಕ್ಕೆ ರಾಜಕೀಯ ಸಮಾಜಶಾಸ್ತ್ರ ಎನ್ನುತ್ತಾರೆ. ನಮ್ಮಕ್ಕ ಪುಟ್ಟಮಾದಮ್ಮ, "ಕಂಡೋರ ಮನ ಜಗುಲಿ ಮೇಲ ಕೂತ್ಕಂಡು ಕಾಪಿ ಕುಡಿಯೋ ಕೆಲ್ಸ" ಎನ್ನುತ್ತಾಳೆ. ಇಬ್ಬರು ಹೇಳುವುದೂ ಸರಿ. ನನ್ನ ಅರ್ಧ ಆಯಸ್ಸು ಜಗಲಿಗಳ ಮೇಲೆಯೇ ಕಳೆಯಿತು. ಯಾರಿಗೆ ಹಾಕ್ತೀರಿ ಎಂದು ಕೇಳುವುದು, ಅವರು ಹೇಳಿದ್ದನ್ನು ನಂಬದಿರುವುದು, ಯಾಕೆ ನಂಬಬಾರದು ಎಂದು ಪುಸ್ತಕ ಬರೆಯುವುದು. ಮನೆಗೆ ಬಂದವರ ಮುಖ ಮುರಿಯಬಾರದೆಂದು ನಮ್ಮ ಜನ ಕೇಳಿದವರಿಗೆಲ್ಲ "ನಿಮ್ಗೇಯ" ಅನ್ನುತ್ತಾರೆ. ನಾನೇ ಅಭ್ಯರ್ಥಿ ಎಂದು ತಿಳಿದು ನನಗೇ ಓಟು ಹಾಕುತ್ತೇನೆಂದು ಮಾತು ಕೊಟ್ಟವರೂ ಇದ್ದಾರೆ. ಎಣಿಕೆಯ ದಿನ ಟಿವಿಯವರು ಮುಖಕ್ಕೆ ಪೌಡರ್ ಬಳಿದು ಕೂರಿಸುತ್ತಿದ್ದರು. ನಾನು ಹೇಳಿದ್ದು ಅರ್ಧಕ್ಕರ್ಧ ಸುಳ್ಳಾಗುತ್ತಿತ್ತು. ಮುಂದಿನ ಚುನಾವಣೆಗೆ ಮತ್ತೆ ಕರೆಯುತ್ತಿದ್ದರು. ನಾಚಿಕೆಯಿಲ್ಲದ ಕಸುಬು.

ಆಮೇಲೆ ದನಿಮಾಪಕ ಬಂತು. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಮನಸ್ಸು ಗಟ್ಟಿ ಮಾಡಿಕೊಂಡು ನಿಜ ಹೇಳುವಾಗ ಮನುಷ್ಯನ ಗಂಟಲು ಒಂದು ಬಗೆಯಾಗಿ ಅದುರುತ್ತದೆ, ಸುಳ್ಳು ಹೇಳುವಾಗ ಇನ್ನೊಂದು ಬಗೆ. ನಮ್ಮ ಕಿವಿಗೆ ಕೇಳದ ಆ ಅದುರನ್ನು ಪೆಟ್ಟಿಗೆ ಹಿಡಿಯುತ್ತದೆ. ತೊಡಕು ಒಂದೇ ಇತ್ತು. ಒಂದೊಂದು ಸೀಮೆಯವರ ದನಿ ಒಂದೊಂದು ತರಹ. ಆ ಸೀಮೆಯಲ್ಲಿ ನಿಜದ ದನಿ ಹೇಗಿರುತ್ತದೆಂದು ಪೆಟ್ಟಿಗೆಗೆ ಮೊದಲು ಕಲಿಸಬೇಕು. ನಿಜವೇ ಎಂದು ಭರವಸೆಯಿಂದ ಹೇಳಬಹುದಾದ ಮಾತನ್ನು ಎಲ್ಲಿಂದ ತರುವುದು? ಎಂಜಿನಿಯರ್ ಅನಿರುದ್ಧ ಕಾಮತ್ ತಲೆ ಕೆರೆದುಕೊಳ್ಳುತ್ತಿದ್ದಾಗ ದಾರಿ ತೋರಿಸಿದವಳು ನಾನು. "ನಮ್ಮ ಕಡೆ ಮಾದಪ್ಪನ ಮೇಲೆ ಆಣೆಯಿಟ್ಟು ಯಾರೂ ಸುಳ್ಳು ಹೇಳುವುದಿಲ್ಲ. ಆಣೆ ಇಡಿಸಿ ಮಾತಾಡಿಸಿ. ಅದೇ ನಿಜದ ದನಿ" ಎಂದೆ. ಹಾಗೇ ಮಾಡಿದರು. ಪೆಟ್ಟಿಗೆ ಕಲಿತುಕೊಂಡಿತು.

ಅದರ ಬೆನ್ನಿಗೇ ಖಾತ್ರಿ ಮತದ ಕಾಯ್ದೆ ಬಂತು. ಒಂದು ಮತಗಟ್ಟೆಯಲ್ಲಿ ಹತ್ತಕ್ಕೆ ಒಂಬತ್ತು ಜನರ ದನಿ ಖಾತ್ರಿ ಎಂದು ಬಂದರೆ ಅಲ್ಲಿ ಮತದಾನ ಬೇಡ, ದನಿಯನ್ನೇ ಮತವೆಂದು ಎಣಿಸಿಕೊಳ್ಳಬಹುದು. ಖರ್ಚು ಉಳಿಯಿತೆಂದು ಪತ್ರಿಕೆಗಳು ಹೊಗಳಿದವು. ಬಿಸಿಲಲ್ಲಿ ಸಾಲು ನಿಲ್ಲುವುದು ತಪ್ಪಿತೆಂದು ಜನರೂ ಖುಷಿಪಟ್ಟರು. ಅಂಗಡಿಗಳಿಗೆ ಚಿಕ್ಕ ಪೆಟ್ಟಿಗೆಗಳು ಬಂದವು. ಅತ್ತೆಯರು ಸೊಸೆಯ ಮುಂದಿಟ್ಟು "ನಿಮ್ಮವ್ವನ್ಗ ಪೋನಲ್ಲಿ ಏನ್ ಹೇಳ್ದೆ" ಎಂದು ಕೇಳತೊಡಗಿದರು. ಹೆಣ್ಣು ನೋಡಲು ಹೋದವರು ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲಿ ಇಟ್ಟುಕೊಂಡು ಕೂತರು. ಖಾತ್ರಿ ಎಂದು ಬಂದ ಊರಿಗೆ ಯಾವ ಪಕ್ಷದವನೂ ಕಾಲಿಡಲಿಲ್ಲ. ಗೆಲ್ಲಿಸುವವರು ಹೇಗೂ ಗೆಲ್ಲಿಸುತ್ತಾರೆ, ಸೋಲಿಸುವವರು ಹೇಗೂ ಸೋಲಿಸುತ್ತಾರೆ, ಇನ್ನು ನೀರಿನ ಪೈಪು ಯಾಕೆ?

ಇಷ್ಟನ್ನೂ ನಾನು ನುಂಗಿಕೊಂಡಿದ್ದೆ. ಜಿಲ್ಲಾ ಪಂಚಾಯಿತಿ ಚುನಾವಣೆ ಬಂತು. ಮೈಸೂರಿನ ಮತಮಾಪನ ಮಂಡಳಿಯ ನಿಯಂತ್ರಣ ಕೋಣೆಯಲ್ಲಿ ಗೋಡೆಯಗಲದ ನಕ್ಷೆಯ ಮುಂದೆ ಕಾಮತ್ ಜೊತೆ ಕೂತಿದ್ದೆ. ಅನುಮಾನದ ಊರುಗಳು ಹಳದಿ, ಖಾತ್ರಿ ಊರುಗಳು ಹಸಿರು. ನನ್ನ ಕಣ್ಣೆದುರಿಗೇ ಕಗ್ಗಲಕೊಪ್ಪಲು ಹಸಿರಾಯಿತು.

"ನಿಮ್ಮೂರಲ್ವಾ ಮೇಡಂ? ಕಂಗ್ರಾಟ್ಸ್! ತೊಂಬತ್ತನಾಲ್ಕು ಪರ್ಸೆಂಟ್ ಖಾತ್ರಿ" ಎಂದ ಕಾಮತ್.

"ಯಾರಿಗೆ?"

"ಗುರುಪಾದಸ್ವಾಮಿಗೆ."

ನನಗೆ ನಗು ಬಂತು. ಗುರುಪಾದಸ್ವಾಮಿ ಎಂದರೆ ಕ್ವಾರಿ ಗುರುಪಾದ. ನಮ್ಮೂರ ಪಕ್ಕದಲ್ಲಿ ಕರಿಕಲ್ಲು ತೆಗೆಯುವವನು. ಅವನು ಸಿಡಿಮದ್ದು ಇಟ್ಟಾಗ ನಮ್ಮೂರಲ್ಲಿ ಪಾತ್ರೆಗಳು ತಾವಾಗಿ ಕೆಳಗೆ ಬೀಳುತ್ತವೆ. ಕಲ್ಲಿನ ಧೂಳು ಕುಡಿದು ಕುಡಿದು ನಮ್ಮ ಭಾವ, ಪುಟ್ಟಮಾದಮ್ಮನ ಗಂಡ, ಕೆಮ್ಮಿ ಸತ್ತ. ಊರ ಹಿಂದಿನ ಬೋರೆಗುಡ್ಡದ ಮೇಲೆ ಇನ್ನೊಂದು ಕ್ವಾರಿ ತೆರೆಯಬೇಕೆಂದು ಗುರುಪಾದ ಅರ್ಜಿ ಹಾಕಿದ್ದ. ಅದು ತೆರೆದರೆ ಊರು ಎತ್ತಬೇಕು, ಬೇರೆ ಮಾತಿಲ್ಲ. ಜಿಲ್ಲಾ ಪಂಚಾಯಿತಿಯಲ್ಲಿ ಅವನು ಕೂತರೆ ಅಡ್ಡ ಹಾಕುವವರು ಯಾರೂ ಇರುವುದಿಲ್ಲ. ಕಳೆದ ಸಲ ಕೂದಲೆಳೆಯ ಅಂತರದಲ್ಲಿ ಸೋತಿದ್ದ, ಅದೂ ನಮ್ಮೂರಿನ ಓಟಿನಿಂದಲೇ ಎಂದು ಅಕ್ಕ ಹೇಳುತ್ತಿದ್ದಳು. ಈ ಸಲ ನಮ್ಮೂರು ಅವನಿಗೆ ಖಾತ್ರಿಯಂತೆ!

"ಕಾಮತ್, ಇದು ತಪ್ಪು. ಮತ್ತೆ ನೋಡಿ."

"ದನಿ ತಪ್ಪು ಹೇಳಲ್ಲ ಮೇಡಂ. ಆಕ್ಷೇಪಣೆ ಇದ್ದರೆ ಮುಂದಿನ ವಾರ ತಾಲ್ಲೂಕು ಕಚೇರೀಲಿ ವಿಚಾರಣೆ ಇದೆ. ಅದಾದಮೇಲೆ ಮತಗಟ್ಟೆ ರದ್ದು."

ಮರುದಿನವೇ ಊರಿಗೆ ಹೋದೆ.

ಪುಟ್ಟಮಾದಮ್ಮ ಬಸ್ ಸ್ಟ್ಯಾಂಡಿನ ಪಕ್ಕ ರಾಗಿ ಮಿಲ್ಲು ನಡೆಸುತ್ತಾಳೆ. ಗ್ರಾಮ ಪಂಚಾಯಿತಿಗೆ ಒಂದು ಸಲ ಗೆದ್ದವಳು, ಒಂದು ಸಲ ಸೋತವಳು. ಗೆದ್ದಾಗಲೂ ಸೋತಾಗಲೂ ಅದೇ ಗಂಟಲು. ನನ್ನನ್ನು ಕಂಡವಳೇ ಮಿಲ್ಲಿನ ಸದ್ದಿನ ಮೇಲೆ ಕೂಗಿದಳು.

"ಬಾರವ್ವ ಡಾಕ್ಟ್ರಮ್ಮ! ಈ ಸಲ ಯಾವ ಪ್ರಶ್ನ ತಂದಿದ್ದಯ್?"

"ಮಿಲ್ಲು ನಿಲ್ಸು ಮೊದ್ಲು. ಅಲ್ಲ ಕಣಕ್ಕ, ಊರಿಗೆ ಊರೇ ಆ ಗುರುಪಾದನಿಗೆ ಹಾಕ್ತೀವಿ ಅಂದಿದ್ದೀರಂತಲ್ಲ. ನಾಚ್ಕೆ ಆಗಲ್ವಾ ನಿಮ್ಗೆ?"

ಅಕ್ಕ ಮಿಲ್ಲಿನ ಪಟ್ಟಿ ಇಳಿಸಿ ನಿಲ್ಲಿಸಿದಳು. ಹಿಟ್ಟು ಹಾಕಿಸಲು ಬಂದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

"ಅಂದ್ವಿ. ಅಂದ್ರ ಏನಾಯ್ತು? ಅಂವ ಮನಗೊಂದು ಮಿಕ್ಸಿ ಕೊಟ್ಟ. ಮಾದಪ್ಪನ ಪಟ ಮುಂದ ಹಿಡ್ದು ಆಣ ಇಡುಸ್ಕಂಡ. ಪೆಟ್ಗ ತಂದವ್ರ ಜೊತ್ಗ ಅವುನ್ ಕಡೆವ್ರೇ ನಿಂತಿದ್ರು. ಅವ್ರ ಮುಂದ ಇನ್ನೇನ್ ಅನ್ನಾಕಾದದು? ಅನ್ನೋದು ಅನ್ನೋದೇ, ಒತ್ತೋದು ಒತ್ತೋದೇ. ಓಟಿನ್ ದಿನ ಒಳಗ ಹೋಗಿ ಒತ್ತಾಗ ನೋಡ್ಕ ಅವುನ್ ಮಕನ."

"ಒತ್ತೋ ದಿನ ಇಲ್ಲ ಕಣಕ್ಕ! ಪೆಟ್ಟಿಗೆ ಮುಂದೆ ಹೇಳಿದ್ದೇ ಓಟು. ಇಸ್ಕೂಲಲ್ಲಿ ಮತಗಟ್ಟೆ ಇರೋಲ್ಲ."

"ಅಂದ್ರ?" ಒಬ್ಬ ಹೆಂಗಸು ಕೇಳಿದಳು. "ಅದು ಪ್ಯಾಟವ್ರ್ಗ ಮಾತ್ರ ಅಂದ್ಕಂಡಿದ್ವಿ. ನಾವೂ ಓಟ್ ಹಾಕ್ಬುಟ್ವಾ?"

"ಹಾಕಿಬಿಟ್ರಿ."

ಮಿಲ್ಲಿನಲ್ಲಿದ್ದವರೆಲ್ಲ ಒಟ್ಟಿಗೇ ಬೈಯತೊಡಗಿದರು. ಗುರುಪಾದನನ್ನು, ಸರ್ಕಾರವನ್ನು, ಪೆಟ್ಟಿಗೆಯನ್ನು, ಮಾಡಿದವರ ಏಳು ತಲೆಮಾರನ್ನು. ಮಾಡಿದವಳು ಅಲ್ಲೇ ನಿಂತಿದ್ದೆ.

ಆದರೂ ನನಗೆ ಒಂದು ಮಾತ್ರ ತಿಳಿಯಲಿಲ್ಲ. ಬಾಯಲ್ಲಿ ಸುಳ್ಳು ಹೇಳಿದರೆ ಗಂಟಲು ಅದುರಲೇಬೇಕು. ಅದರಲ್ಲೂ ಮಾದಪ್ಪನ ಆಣೆಯಿಟ್ಟು ಹೇಳಿದ ಸುಳ್ಳು. ಪೆಟ್ಟಿಗೆ ಅದನ್ನು ಹಿಡಿಯಲಿಲ್ಲ ಯಾಕೆ?

ಹೊಳೆದದ್ದು ಸಂಜೆ ಗುಡಿಗೆ ಹೋದಾಗ. ಮಾದಪ್ಪನ ಮುಂದಿನ ತಟ್ಟೆಯಲ್ಲಿ ಅರಿಸಿನದ ಬಟ್ಟೆಯಲ್ಲಿ ಕಟ್ಟಿದ ನಾಣ್ಯದ ಗಂಟುಗಳು ರಾಶಿ ಬಿದ್ದಿದ್ದವು. ತಪ್ಪುಕಾಣಿಕೆ. ಕೊಟ್ಟ ಮಾತಿಗೋ ಇಟ್ಟ ಆಣೆಗೋ ತಪ್ಪಿದವರು ದೇವರ ಮುಂದೆ ಅದನ್ನಿಟ್ಟು ತಪ್ಪಾಯಿತಪ್ಪಾ ಎಂದು ಬೇಡಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಆದರೆ ಓಟಿನ ದಿನ ಇನ್ನೂ ಬಂದೇ ಇಲ್ಲ. ಯಾರೂ ಇನ್ನೂ ಆಣೆಗೆ ತಪ್ಪಿಲ್ಲ.

ಮನೆಗೆ ಬಂದು ಅಕ್ಕನನ್ನು ಕೇಳಿದೆ. "ಆಣೆ ಇಡೋ ಮೊದಲೇ ಕಟ್ಟಿಬಿಟ್ರಾ?"

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಊ ಕವ್ವ. ಪ್ರತಿ ಎಲೆಕ್ಸನ್‌ಗೂ ಅಂಗೇಯ. ಮೂರು ಪಾರ್ಟಿವ್ರೂ ಬಂದು ಆಣ ಇಡುಸ್ಕಂತರ. ಮೂರಕ್ಕೂ ಮೊದ್ಲೇ ಮಾದಪ್ಪನ್ಗ ಹೇಳ್ಕಂಡು ಬುಟ್ರ, ಆಣ ಇಡುವಾಗ ಎದ ಹೊಡ್ಕಳಲ್ಲ. ಅಪ್ಪನ್ಗ ಗೊತ್ತುಲ್ವಾ ನಮ್ ಕಷ್ಟ?"

ನಾನು ಊರು ಬಿಟ್ಟು ಮೈಸೂರು ಸೇರಿದ ಮೇಲೆ ಹುಟ್ಟಿಕೊಂಡ ಪದ್ಧತಿ ಇದು. ನನ್ನ ತಲೆಯಲ್ಲಿದ್ದದ್ದು ನಮ್ಮವ್ವನ ಕಾಲದ ಆಣೆ. ಅದೇ ಈಗಲೂ ಇದೆಯೆಂದು ನಂಬಿ ಯಂತ್ರಕ್ಕೆ ಕಲಿಸಿದ್ದೆ. ಮೊದಲೇ ಕ್ಷಮೆ ಕೇಳಿಕೊಂಡು ನಿಶ್ಚಿಂತೆಯಾಗಿ ಸುಳ್ಳು ಹೇಳುವ ದನಿಯನ್ನು ನಿಜದ ದನಿ ಎಂದು ಕಲಿಸಿದ್ದೆ. ಆ ಸೀಮೆಯ ಅಷ್ಟೂ ಪೆಟ್ಟಿಗೆಗಳು ಅದನ್ನೇ ಹಿಡಿದುಕೊಂಡು ಊರುಗಳಿಗೆ ಹಸಿರು ಬಣ್ಣ ಬಳಿಯುತ್ತಿದ್ದವು.

"ವಿಚಾರಣೆಗೆ ಬಂದು ಇದನ್ನೇ ಹೇಳಕ್ಕ. ಸುಳ್ಳು ಹೇಳ್ದೆ ಅಂತ ಒಬ್ಬರು ಹೆಸರು ಕೊಟ್ಟು ಹೇಳಿದ್ರೆ ಸಾಕು, ಮತಗಟ್ಟೆ ಉಳಿಯುತ್ತೆ."

ಅಕ್ಕನ ನಗು ನಿಂತಿತು. "ಗುರುಪಾದನ್ ಎದುರ್ಗಾ? ಮಿಕ್ಸಿ ಇಸ್ಕಂಡು ಆಣ ಇಟ್ಟು ನಾಮ ಹಾಕ್ತಿದ್ದೋ ಅಂತ ಹೇಳ್ಬೇಕಾ? ನಾಳ್ಗ ಹೇಳ್ದವ್ರ ಮನ ಹಿಂದ್ಗಡನೇ ಮದ್ದು ಸಿಡಿತದ. ಎರಡನೇ ಬೀದಿ ಸಿದ್ದಮ್ಮ ಒಂದ್ಸಲ ಡಿಸಿ ಸಾಹೇಬ್ರ ಮುಂದ ಬಾಯ್ ಬುಟ್ಳು. ಮಗನ್ನ ಕ್ವಾರಿ ಕೆಲ್ಸದಿಂದ ತಗುದ್ರು, ಬೋರ್‌ವೆಲ್‌ಗ ಕಲ್ಲು ತುಂಬುದ್ರು. ಯಾರೂ ಬರಲ್ಲ. ಕಾಣಿಕ ಮಾತ್ನೂ ನೀನು ಅಲ್ಲಿ ಎತ್ಬ್ಯಾಡ. ಎತ್ತುದ್ರ ಊರ್ಗ ಊರೇ ಸಿಕ್ಕಾಕತದ."

ಅವಳು ಹೇಳಿದ್ದು ನ್ಯಾಯ. ಓಟು ಗುಟ್ಟಾಗಿರುವುದೇ ಇದಕ್ಕೆ. ಗುಟ್ಟನ್ನು ಉಳಿಸಿಕೊಳ್ಳಲು ಗುಟ್ಟನ್ನು ಬಿಚ್ಚಿಡು ಎಂದು ಕೇಳುತ್ತಿದ್ದೆ ನಾನು.

ಮೈಸೂರಿಗೆ ವಾಪಸು ಬಂದು ಕಾಮತ್‌ನ ಮೇಜಿನ ಮುಂದೆ ನಿಂತೆ. ಊರಿನ ಹೆಸರು ಎತ್ತದೆ ಕಾಣಿಕೆಯ ಸಂಗತಿ ಹೇಳಿದೆ. ಕೇಳುತ್ತ ಕೇಳುತ್ತ ಅವನ ಮುಖ ಬಿಳಿಚಿತು.

"ಆದರೆ ಮೇಡಂ, ನಮ್ಮ ನಿಖರತೆ ತೊಂಬತ್ತೇಳು ಪರ್ಸೆಂಟ್."

"ಯಾವುದಕ್ಕೆ ಹೋಲಿಸಿ?"

"ಓಟು ಹಾಕಿ ಹೊರಗೆ ಬಂದವರನ್ನು ಕೇಳಿದ್ವಲ್ಲ, ಯಾರಿಗೆ ಹಾಕಿದ್ರಿ ಅಂತ."

"ಅವರನ್ನೂ ಆಣೆ ಇಡಿಸಿ ತಾನೇ ಕೇಳಿದ್ದು?"

"ನೀವೇ ಹೇಳಿದ್ರಲ್ಲ ಮೇಡಂ, ಆಣೆ ಇಡಿಸಿ ಅಂತ."

"ಹಾಗಾದ್ರೆ ನೀವು ಹೋಲಿಸಿದ್ದು ಹೇಳಿದ್ದಕ್ಕೂ ಹೇಳಿದ್ದಕ್ಕೂ! ಒತ್ತಿದ್ದಕ್ಕೆ ಎಲ್ಲಿ ಹೋಲಿಸಿದ್ರಿ?"

ಒತ್ತಿದ್ದು ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಮತಗಟ್ಟೆಗಳ ಓಟನ್ನು ಒಟ್ಟಿಗೆ ಬೆರೆಸಿ ಎಣಿಸುವುದೆಂದು ಆಗಲೇ ಕಾನೂನಾಗಿತ್ತು. ಬೆರೆಸಿದ ಲೆಕ್ಕದಲ್ಲಿ ಈ ಊರಿನ ಸುಳ್ಳನ್ನು ಆ ಊರಿನ ಸುಳ್ಳು ಸರಿದೂಗಿಸಿತ್ತು.

ಕಾಮತ್ ಕಿಟಕಿಯ ಕಡೆ ತಿರುಗಿ ಕೂತ. ಅವನೊಳಗೆ ಒಂದಿಷ್ಟು ಮರ್ಯಾದೆ ಕದಲುತ್ತಿದೆ, ಈಗ ಸರಿಯಾದ ಮಾತು ಆಡುತ್ತಾನೆ ಎಂದುಕೊಂಡೆ. ತಿರುಗಿದಾಗ ಅವನ ಕಣ್ಣುಗಳು ಹೊಳೆಯುತ್ತಿದ್ದವು.

"ಇದಕ್ಕೆ ಪರಿಹಾರ ಸುಲಭ ಮೇಡಂ. ಗುಡಿಗಳಲ್ಲಿ ಕಾಣಿಕೆ ತಟ್ಟೆ ಮೇಲೆ ಒಂದೊಂದು ಕ್ಯಾಮೆರಾ. ಯಾರು ಮುಂಗಡ ಕಟ್ಟಿದ್ದಾರೋ ಅವರ ದನಿಯನ್ನು ಬೇರೆ ಲೆಕ್ಕಕ್ಕೆ ಹಾಕಿದರಾಯ್ತು."

ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ಎತ್ತಿ ಗೋಡೆಗೆ ಅಪ್ಪಳಿಸಬೇಕೆನಿಸಿತು. "ಕ್ಯಾಮೆರಾ ಇಟ್ಟ ದಿನ ನಿನ್ನ ತೊಂಬತ್ತೇಳರ ಕತೆಯನ್ನು ಪತ್ರಿಕೆಯವರಿಗೆ ಹೇಳ್ತೀನಿ. ನನ್ನ ಮಾನದ ಜೊತೆಗೆ ನಿನ್ನದೂ ಹೋಗುತ್ತೆ" ಎಂದೆ. ಅವನು ಬಾಯಿ ಮುಚ್ಚಿದ. ಅವನ ಮೌನ ನಮ್ಮೂರನ್ನು ಸದ್ಯಕ್ಕೆ ಕಾಯುತ್ತಿತ್ತು, ಅವನ ಯಂತ್ರವನ್ನೂ ಕಾಯುತ್ತಿತ್ತು. ಇಂಥವನೊಂದಿಗೆ ಗುಟ್ಟು ಹಂಚಿಕೊಳ್ಳಬೇಕಾಯಿತಲ್ಲ! ವಿಚಾರಣೆಯಲ್ಲಿ ನಾನು ತೊಂಬತ್ತೇಳರ ಮಾತೆತ್ತಿದರೆ ಅವನು ಕಾಣಿಕೆಯ ಮಾತೆತ್ತುತ್ತಿದ್ದ.

ನನಗೆ ಉಳಿದದ್ದು ಒಂದೇ ದಾರಿ. ನನ್ನ ಹೆಸರು ಇನ್ನೂ ಕಗ್ಗಲಕೊಪ್ಪಲಿನ ಮತದಾರರ ಪಟ್ಟಿಯಲ್ಲೇ ಇತ್ತು. ಊರಿನ ಯಾರೂ ಬಾಯಿ ಬಿಡಬೇಕಾಗಿಲ್ಲ. ನಾನೇ ಪೆಟ್ಟಿಗೆಯ ಮುಂದೆ ಆಣೆಯಿಟ್ಟು ಸುಳ್ಳು ಹೇಳಿ ತೋರಿಸುತ್ತೇನೆ. ಪೆಟ್ಟಿಗೆ ಅದನ್ನು ಖಾತ್ರಿ ಎಂದರೆ ಅಲ್ಲಿಗೆ ಅದರ ಬಂಡವಾಳ ಬಯಲು. ಹೇಗೆ ಮೋಸ ಹೋಯಿತು ಎಂದು ಹೇಳುವ ಅಗತ್ಯವೂ ಇಲ್ಲ. ನನ್ನ ಕೆಲಸ, ಪುಸ್ತಕ, ಹೆಸರು ಎಲ್ಲ ಹೋಗುತ್ತಿತ್ತು. ಹೋಗಲಿ ಎಂದುಕೊಂಡೆ. ವಿಚಾರಣೆಯ ಬೆಳಿಗ್ಗೆ ಗುಡಿಗೆ ಹೋಗಿ ನನ್ನದೂ ಒಂದು ಗಂಟು ಇಟ್ಟು ಕೈ ಮುಗಿದೆ. ಅಕ್ಕ ಹೇಳಿದ್ದು ನಿಜ. ಎದೆ ತಣ್ಣಗಾಯಿತು.

ತಾಲ್ಲೂಕು ಕಚೇರಿಯ ಸಭಾಂಗಣ ತುಂಬಿತ್ತು. ಎದುರಿಗೆ ಮಂಡಳಿಯ ಅಧ್ಯಕ್ಷ ಶ್ರೀಕಂಠರಾವ್, ಪಕ್ಕದಲ್ಲಿ ಕಾಮತ್, ಮೇಜಿನ ಮೇಲೆ ಪೆಟ್ಟಿಗೆ. ಮೊದಲ ಸಾಲಿನಲ್ಲಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗುರುಪಾದ ಕೂತಿದ್ದ. ಅಕ್ಕ ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು.

"ಡಾಕ್ಟರ್ ಕೆಂಪದೇವಮ್ಮನವರೇ, ನಿಮ್ಮ ಯಂತ್ರದ ಮೇಲೆ ನಿಮ್ಮದೇ ಆಕ್ಷೇಪಣೆಯೇ?" ಅಧ್ಯಕ್ಷರು ನಕ್ಕರು. ಸಭೆಯೂ ನಕ್ಕಿತು.

ನಾನು ಪೆಟ್ಟಿಗೆಯ ಮುಂದೆ ಬಗ್ಗಿದೆ. "ಮಾದಪ್ಪನ ಆಣೆಗೂ ನನ್ನ ಓಟು ಗುರುಪಾದಸ್ವಾಮಿಗೆ."

ಹಸಿರು ದೀಪ. ಖಾತ್ರಿ, ತೊಂಬತ್ತೆಂಟು.

ಗುರುಪಾದನ ಕಡೆಯವರು ಚಪ್ಪಾಳೆ ತಟ್ಟಿದರು. ನಾನು ಸಭೆಯ ಕಡೆ ತಿರುಗಿದೆ. "ನೋಡಿದಿರಾ? ಇದು ಶುದ್ಧ ಸುಳ್ಳು. ನನ್ನ ಭಾವನನ್ನು ಕೊಂದ ಕ್ವಾರಿಯವನಿಗೆ ನಾನು ಓಟು ಹಾಕುವವಳಲ್ಲ. ನಿಮ್ಮ ಪೆಟ್ಟಿಗೆ ಕಿವುಡು. ಇದನ್ನು ನಂಬಿ ಒಂದು ಊರಿನ ಬಾಯಿ ಮುಚ್ಚಿಸಬೇಡಿ."

ಅಧ್ಯಕ್ಷರು ಗಲ್ಲಕ್ಕೆ ಕೈಕೊಟ್ಟು ಯೋಚಿಸಿದರು. "ಈಗ ಎರಡು ಮಾತು ಹೇಳಿದ್ದೀರಿ. ಒಂದನ್ನು ಪೆಟ್ಟಿಗೆ ಕೇಳಿದೆ, ಇನ್ನೊಂದನ್ನು ಕೇಳಿಲ್ಲ. ಆ ಎರಡನೆಯದನ್ನೂ ಪೆಟ್ಟಿಗೆಯ ಮುಂದೆ ಹೇಳಿಬಿಡಿ."

"ಅದು ಕಿವುಡು ಅಂತಲೇ ಹೇಳ್ತಿದ್ದೀನಲ್ಲ ಸ್ವಾಮಿ!"

"ಹೇಳಿ, ನೋಡೋಣ."

ಗುರುಪಾದ ಹಲ್ಲು ಬಿಡುತ್ತಿದ್ದ. "ಯೋಳಕ್ಕ, ನಾಚ್ಕಬ್ಯಾಡ. ನಾವೆಲ್ಲ ಮನವ್ರೇಯ" ಎಂದ. ನನ್ನ ಮೈಯೆಲ್ಲ ಉರಿದುಹೋಯಿತು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅರಚಿದೆ. "ಮೊದಲು ಹೇಳಿದ್ದು ಸುಳ್ಳು! ನನ್ನ ಓಟು ಇವನಿಗಲ್ಲ!"

ಸಿಟ್ಟಿನಿಂದ ನನ್ನ ಗಂಟಲು ಗಡಗಡ ನಡುಗುತ್ತಿತ್ತು. ಅದು ನನ್ನ ಕಿವಿಗೇ ಕೇಳುತ್ತಿತ್ತು.

ಹಳದಿ ದೀಪ. ಅನುಮಾನ, ನಲವತ್ತೊಂದು.

ಸಭೆ ಗೊಳ್ಳೆಂದಿತು. ನಾನು ಕಾಮತ್‌ನ ಮುಖ ನೋಡಿದೆ. ಎಲ್ಲ ಗೊತ್ತಿದ್ದವನು. ಅಧ್ಯಕ್ಷರು ಅವನನ್ನು ಕೇಳಿದರು: "ಯಂತ್ರ ಸರಿಯಾಗಿದೆಯೇನ್ರೀ?"

"ಸರಿಯಾಗಿದೆ ಸರ್." ತಲೆ ಎತ್ತಲಿಲ್ಲ.

"ಇವನನ್ನು ಬಿಡಿ, ನನ್ನನ್ನು ಕೇಳಿ. ನಾನು ಮನಸ್ಸಿನಲ್ಲಿ ಯಾರಿಗೆ ಅಂದುಕೊಂಡಿದ್ದೇನೆ ಅಂತ ನನಗಿಂತ ಆ ಡಬ್ಬಿಗೆ ಗೊತ್ತೇ?"

ಅಧ್ಯಕ್ಷರು ಗಂಭೀರರಾದರು. "ಅಮ್ಮಾ, ಮತ ಗುಪ್ತವಾದದ್ದು. ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ಕೇಳುವ ಅಧಿಕಾರ ಈ ಮಂಡಳಿಗಿಲ್ಲ. ದನಿ ಮಾತ್ರ ನಮಗೆ ಆಧಾರ. ಆಕ್ಷೇಪಣೆ ವಜಾ. ನಿಮ್ಮ ಖಾತ್ರಿ ಮತವನ್ನು ಮಂಡಳಿ ಸ್ವೀಕರಿಸಿದೆ."

ಗುರುಪಾದ ಎದ್ದು ಬಂದು ಎಲ್ಲರೆದುರಿಗೆ ನನ್ನ ಕಾಲು ಮುಟ್ಟಿದ. ಹೊರಗೆ ಹೋಗುವಾಗ ಯಾರೋ ಯಾರಿಗೋ ಹೇಳುತ್ತಿದ್ದರು: "ಮಾಡಿದವಳೇ ಬಂದು ಪರೀಕ್ಷೆ ಕೊಟ್ಟಳಲ್ಲ, ಇನ್ನೇನು ಬೇಕು?"

ಅಕ್ಕನ ಜೊತೆ ಬಸ್ಸಿನಲ್ಲಿ ಊರಿಗೆ ಬಂದೆ. ಇಳಿದಾಗ ಬೋರೆಯ ಮೇಲೆ ಗುರುಪಾದನ ಆಳುಗಳು ಹಗ್ಗ ಹಿಡಿದು ಸುಣ್ಣದ ಗೆರೆ ಎಳೆಯುತ್ತಿದ್ದರು. ಚುನಾವಣೆ ಇನ್ನೂ ಆಗಿರಲಿಲ್ಲ. ಅವರಿಗೆ ಅವಸರ ಇರಲಿಲ್ಲ, ಖಾತ್ರಿ ಇತ್ತು. ಮಿಲ್ಲಿನ ಮುಂದೆ ಹೆಂಗಸರು ಕಾದು ನಿಂತಿದ್ದರು. ಅಕ್ಕನ ಮುಖ ನೋಡಿದವರೇ ಒಬ್ಬೊಬ್ಬರಾಗಿ ಮೊರ, ಚೀಲ ಎತ್ತಿಕೊಂಡು ಹೊರಟುಹೋದರು.

ಮನೆಯೊಳಗೆ ಕಾಲಿಡುವಾಗ ನನ್ನ ಫೋನು ಗುಂಯ್‌ಗುಟ್ಟಿತು.

"ಏನಂತ?" ಅಕ್ಕ ಕೇಳಿದಳು.

ಓದಿದೆ. "ಮಾನ್ಯ ಕೆಂಪದೇವಮ್ಮನವರೇ, ಗುರುಪಾದಸ್ವಾಮಿಯವರಿಗೆ ತಾವು ನೀಡಿದ ಮತ ದಾಖಲಾಗಿದೆ. ತಮ್ಮ ದನಿಯೇ ಪ್ರಜಾಪ್ರಭುತ್ವದ ಬಲ. ಧನ್ಯವಾದಗಳು."

ಅಕ್ಕ ಬೈಯುತ್ತಾಳೆಂದುಕೊಂಡೆ. ಬೈಯಬೇಕೆಂದು ಆಸೆಯೂ ಆಯಿತು. ಅವಳು ಒಳಗೆ ಹೋಗಿ ಚೆಂಬಿನಲ್ಲಿ ನೀರು ತಂದು ಬಾಗಿಲಲ್ಲಿ ಇಟ್ಟಳು.

"ಬಾಯ್ ತೊಳ್ಕಂಡು ಬಾ. ಅನ್ನ ಇಕ್ತೀನಿ."

ಅಂಗಳಕ್ಕಿಳಿದು ನೀರು ತುಂಬಿಕೊಂಡು ಮುಕ್ಕಳಿಸಿ ಉಗುಳಿದೆ. ನೀರಿನಲ್ಲೂ ಕಲ್ಲಿನ ಧೂಳು, ಹಲ್ಲಿಗೆ ಕರಕರ ಸಿಕ್ಕಿತು. ಒಳಗೆ ಬರಲು ತಿರುಗಿದೆ. ಅಕ್ಕ ಹೊಸ್ತಿಲಿಗೆ ಅಡ್ಡ ನಿಂತೇ ಇದ್ದಳು.

"ಇನ್ನೊಂದ್ಸಲ" ಎಂದಳು.